ಮನೆಯಲ್ಲೇ ಕಾರಿನ ಇಂಜಿನ್ ಆಯಿಲ್ ಬದಲಿಸುವುದು: ಕಲಬುರಗಿಯ ನೆಲ, ಬಿಸಿಲು, ಧೂಳಿಗೆ ತಕ್ಕ ಸಮಗ್ರ ಮಾರ್ಗದರ್ಶಿ

ಆಯಿಲ್ ಬದಲಿಸಿದ ಮರುದಿನ ಕಾರಿನ ಕೆಳಗೆ ಹನಿ ಬಿದ್ದಿರುತ್ತದೆ. ಇಲ್ಲವೇ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟಿರುತ್ತದೆ. ಇಲ್ಲವೇ ಕೆಳಗಿನ ಬೋಲ್ಟ್ ಬಿಗಿಯಾಗದೆ ಸುಮ್ನೆ ತಿರುಗುತ್ತಾ ಇರುತ್ತದೆ. ಮನೆಯಲ್ಲಿ ಆಯಿಲ್ ಬದಲಿಸಿದವರು ಹೇಳುವ ತೊಂದರೆಗಳು ಹೆಚ್ಚುಕಡಿಮೆ ಇವೇ ಮೂರು. ನಮ್ಮ ಕಡೆ ನಾಲ್ಕನೆಯದೂ ಒಂದಿದೆ. ಜಾಕ್ ಕೆಳಗಿನ ಫರ್ಸಿ (ಹಾಸುಗಲ್ಲು) ಒಡೆದು ಕಾರು ವಾಲುತ್ತದೆ.

ಕೆಲಸ ಕಷ್ಟದ್ದೇನಲ್ಲ. ಒಂದರ ಹಿಂದೆ ಒಂದು ಮಾಡಬೇಕಾದ್ದನ್ನು ಹಿಂದುಮುಂದು ಮಾಡಿದರೆ ಅಥವಾ ಪಾನಾದ ಮೇಲೆ ಜಾಸ್ತಿ ಜೋರು ಹಾಕಿದರೆ ಕೆಡುತ್ತದೆ. ಅದಕ್ಕೇ ಇಲ್ಲಿ ಕ್ರಮಕ್ಕೂ ಬಿಗಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ. ಪಾನಾ ಮುಟ್ಟುವ ಮೊದಲು ಒಮ್ಮೆ ಪೂರ್ತಿ ಓದಿಕೊಳ್ಳಿ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಂಪನಿ ಸರ್ವಿಸ್ ಬಿಲ್ ಇಲ್ಲದಿದ್ದರೆ ಮುಂದೆ ಇಂಜಿನ್ ಕ್ಲೇಮ್ ಮಾಡುವಾಗ ತಕರಾರು ಬರಬಹುದು.

ಹಂತ 1: ಮ್ಯಾನುಯಲ್ ನೋಡಿ ಆಯಿಲ್ ತನ್ನಿ

ಡ್ಯಾಶ್‌ಬೋರ್ಡ್ ಡಬ್ಬದಲ್ಲಿರುವ ಪುಸ್ತಕ ತೆಗೆದು ಮೂರು ವಿಷಯ ಬರೆದುಕೊಳ್ಳಿ: ಆಯಿಲ್ ಗ್ರೇಡ್, ಫಿಲ್ಟರ್ ಸಮೇತ ಎಷ್ಟು ಲೀಟರ್ ಬೇಕು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು. ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 3.5 ಲೀಟರ್ ಹಿಡಿಯುತ್ತದೆ. ಇದು ಅಂದಾಜು ಮಾತ್ರ. ನಿಮ್ಮ ಕಾರಿನ ಲೆಕ್ಕ ಪುಸ್ತಕದಲ್ಲಿದೆ.

ಗ್ರೇಡ್ ವಿಷಯದಲ್ಲಿ ನಮ್ಮ ಕಡೆ ಒಂದು ತಪ್ಪು ಸಲಹೆ ಎಲ್ಲರ ಬಾಯಲ್ಲಿದೆ. "ಇಲ್ಲಿನ ಬಿಸಿಲಿಗೆ ತೆಳು ಆಯಿಲ್ ನಡೆಯಲ್ಲ, 20ಡಬ್ಲ್ಯೂ-50 ಹಾಕಿಬಿಡಿ" ಎನ್ನುತ್ತಾರೆ. ಹಾಕಬೇಡಿ. ಹೊರಗೆ 20 ಡಿಗ್ರಿ ಇರಲಿ, ಮೇ ತಿಂಗಳ 43 ಡಿಗ್ರಿ ಇರಲಿ, ಕೂಲಂಟ್ ಮತ್ತು ಥರ್ಮೋಸ್ಟಾಟ್ ಸೇರಿ ಇಂಜಿನ್ನನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ಇಡುತ್ತವೆ. 5ಡಬ್ಲ್ಯೂ-30 ಎಂದರೆ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸರಾಗವಾಗಿ ಹರಿಯುತ್ತದೆ ಅನ್ನುವುದನ್ನು ಹೇಳುತ್ತದೆ. ಎರಡನೆಯದು ಬಿಸಿಯಾದಾಗ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದನ್ನು. ಈಗಿನ ಇಂಜಿನ್‌ಗಳಲ್ಲಿ ಆಯಿಲ್ ಹೋಗುವ ದಾರಿಗಳು ಬಹಳ ಸಣ್ಣವು. 0ಡಬ್ಲ್ಯೂ-20ಕ್ಕೆಂದು ಮಾಡಿದ ಇಂಜಿನ್‌ಗೆ ದಪ್ಪ ಆಯಿಲ್ ಹಾಕಿದರೆ ಸ್ಟಾರ್ಟ್ ಮಾಡಿದಾಗ ಅದು ಮೇಲಿನವರೆಗೆ ಮುಟ್ಟಲು ತಡವಾಗುತ್ತದೆ. ಬೀದರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಂತೂ ಇನ್ನೂ ತಡ. ಇಂಜಿನ್ ಸವೆಯುವುದು ಆ ಹೊತ್ತಿನಲ್ಲೇ ಜಾಸ್ತಿ.

ಬಿಎಸ್6 ಡೀಸೆಲ್ ಕಾರಿನವರು ಗ್ರೇಡ್ ಜೊತೆಗೆ ಸಿ2 ಅಥವಾ ಸಿ3 ಎನ್ನುವ, ಬೂದಿ ಕಡಿಮೆ ಬಿಡುವ ಆಯಿಲ್‌ನ ಗುರುತನ್ನೂ ಪುಸ್ತಕದಲ್ಲಿ ನೋಡಿಕೊಳ್ಳಿ. ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬೂದಿ ಜಾಸ್ತಿ ಬಿಡುವ ಆಯಿಲ್ ಅದನ್ನು ಕಟ್ಟಿಸಿಬಿಡುತ್ತದೆ. ಅದರ ಖರ್ಚಿನ ಮುಂದೆ ಆಯಿಲ್‌ನಲ್ಲಿ ಉಳಿಸಿದ ದುಡ್ಡು ಏನೇನೂ ಅಲ್ಲ.

ಇನ್ನು ಕಿಲೋಮೀಟರ್ ಲೆಕ್ಕ. ಎಷ್ಟೋ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿರುತ್ತದೆ. ಅದೇ ಪುಸ್ತಕದಲ್ಲಿ ಕಠಿಣ ಬಳಕೆಗೆ ಬೇರೆ ಪಟ್ಟಿ ಇರುತ್ತದೆ. ಧೂಳಿನ ರಸ್ತೆ, ಸಣ್ಣ ಸಣ್ಣ ಓಡಾಟ ಅದರಲ್ಲಿ ಸೇರುತ್ತವೆ. ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಲಾರಿಗಳ ಹಿಂದೆ ದಿನಾ ಓಡಾಡುವವರು ಆ ಪಟ್ಟಿಯನ್ನೇ ತಮ್ಮದು ಎಂದುಕೊಳ್ಳಬೇಕು. ಜೊತೆಗೆ ಏರ್ ಫಿಲ್ಟರನ್ನೂ ತೆಗೆದು ನೋಡಬೇಕು.

ಆಯಿಲ್ ಡಬ್ಬಿ ಕೊಳ್ಳುವಾಗ ಮುಚ್ಚಳದ ಸೀಲ್, ತಯಾರಿಕೆ ತಾರೀಖು, ಬ್ಯಾಚ್ ನಂಬರ್ ನೋಡಿ, ಬಿಲ್ ತೆಗೆದುಕೊಳ್ಳಿ. ಎಂಆರ್‌ಪಿಗಿಂತ ಅರ್ಧಕ್ಕೆ ಯಾರಾದರೂ ಕೊಡುತ್ತೇನೆ ಎಂದರೆ ಅದು ಬೇಡ.

ಹಂತ 2: ಸಾಮಾನೆಲ್ಲ ಒಂದೆಡೆ ಇಡಿ

ಅರ್ಧ ಕೆಲಸದಲ್ಲಿ ಆಯಿಲ್ ಇಳಿಸಿದ ಕಾರನ್ನು ಬಿಟ್ಟು ಅಂಗಡಿಗೆ ಓಡುವ ಹಾಗಾಗಬಾರದು. ಅದೂ ಭಾನುವಾರ. ಇವು ಕೈಯ ಹತ್ತಿರ ಇರಲಿ:

- ಹೊಸ ಆಯಿಲ್, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿನ (ಹಳೆ ಆಯಿಲ್ ಇಳಿಸಲು ಬಿಚ್ಚುವ ಕೆಳಗಿನ ಬೋಲ್ಟ್) ಹೊಸ ವಾಷರ್
- ಬೋಲ್ಟಿಗೆ ಸರಿಯಾಗಿ ಕೂರುವ ರಿಂಗ್ ಪಾನಾ ಅಥವಾ ಸಾಕೆಟ್ (ಹೆಚ್ಚಾಗಿ 14 ಅಥವಾ 17 ನಂಬರ್)
- ಫಿಲ್ಟರ್ ಬಿಚ್ಚುವ ಪಾನಾ, ಬೆಲ್ಟ್ ಅಥವಾ ಕಪ್ ಯಾವುದಾದರೂ
- ಎರಡು ಜಾಕ್ ಸ್ಟ್ಯಾಂಡ್ (ಜಾಕ್‌ನಿಂದ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಆಸರೆ), ಚಕ್ರಕ್ಕೆ ಕೊಡಲು ದಪ್ಪ ಕಟ್ಟಿಗೆ ತುಂಡು
- 5 ಲೀಟರಿಗಿಂತ ದೊಡ್ಡ ಅಗಲ ಟ್ರೇ, ಲಾಳಿಕೆ, ನೈಟ್ರೈಲ್ ಗ್ಲೌಸ್, ಹಳೆ ಬಟ್ಟೆ, ಟಾರ್ಚ್

ಡಬಲ್ ಎಂಡ್ ಪಾನಾ, ಹೊಂದಿಸಿಕೊಳ್ಳುವ ಸ್ಪ್ಯಾನರ್ ಎರಡನ್ನೂ ಈ ಕೆಲಸದಿಂದ ದೂರ ಇಡಿ. ಬಾಯಿ ತೆರೆದ ಪಾನಾ ಜಾರಿ ಬೋಲ್ಟಿನ ಮೂಲೆ ಸವೆಸುತ್ತದೆ. ಒಮ್ಮೆ ಗುಂಡಗಾದ ಬೋಲ್ಟನ್ನು ಆಮೇಲೆ ಮಿಸ್ತ್ರಿಯೇ ಕಷ್ಟಪಟ್ಟು ತೆಗೆಯಬೇಕು.

ಹಂತ 3: ಜಾಗ ಮತ್ತು ಹೊತ್ತು ಆರಿಸಿ

ನಮ್ಮ ಅಂಗಳಗಳಲ್ಲಿ ಎಲ್ಲ ಕಡೆ ಶಹಾಬಾದ್ ಫರ್ಸಿ. ನೋಡಲು ಗಟ್ಟಿ, ಸಮತಟ್ಟು. ಆದರೆ ಅಡಿಯಲ್ಲಿ ಟೊಳ್ಳಿದ್ದರೆ ಒಂದೇ ಕಡೆ ಬೀಳುವ ಭಾರಕ್ಕೆ ಬಿರುಕು ಬಿಡುತ್ತದೆ. ಜಾಕ್‌ನ ತಳ ಅಂಗೈಯಷ್ಟು ಅಗಲ, ಅದರ ಮೇಲೆ ಕಾರಿನ ಒಂದು ಮೂಲೆಯ ಭಾರ ಬರುತ್ತದೆ. ಫರ್ಸಿಯನ್ನು ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಲ್ಲಿ ಜಾಕ್ ಇಡಬೇಡಿ. ಗಟ್ಟಿ ಇದ್ದರೂ ಜಾಕ್ ಮತ್ತು ಸ್ಟ್ಯಾಂಡ್ ಎರಡರ ಕೆಳಗೂ ಒಂದೂವರೆ ಇಂಚು ದಪ್ಪದ ಅಗಲ ಹಲಗೆ ಕೊಡಿ. ಇನ್ನೊಂದು ಮಾತು: ಫರ್ಸಿ ಮೇಲೆ ಆಯಿಲ್ ಬಿದ್ದರೆ ಬಲು ಜಾರುತ್ತದೆ. ಚೆಲ್ಲಿದ್ದನ್ನು ಆಗಿಂದಾಗಲೇ ಮರಳು ಅಥವಾ ಕಟ್ಟಿಗೆ ಪುಡಿ ಹಾಕಿ ಎತ್ತಿಬಿಡಿ.

ಎರೆ ನೆಲದ ಮೇಲೆ ಈ ಕೆಲಸ ಬೇಡವೇ ಬೇಡ. ಬೇಸಿಗೆಯಲ್ಲಿ ಕಲ್ಲಿನ ಹಾಗೆ ಕಾಣುತ್ತದೆ, ಆದರೆ ಒಳಗೆಲ್ಲ ಬಿರುಕು. ಮಳೆ ಬಿದ್ದರಂತೂ ಜಾಕ್ ಮೆಲ್ಲಗೆ ಇಳಿಯುತ್ತಲೇ ಹೋಗುತ್ತದೆ. ಶಹಾಪುರ, ಸುರಪುರ ಕಡೆ ಕಾಲುವೆ ನೀರಿನ ಹೊಲದ ಪಕ್ಕ ಮನೆ ಇರುವವರು ಒಣಗಿದ ಹಾಗೆ ಕಾಣುವ ನೆಲವನ್ನೂ ನಂಬಬೇಡಿ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಇದಕ್ಕಿಂತ ವಾಸಿ, ಆದರೂ ಹಲಗೆ ಬೇಕೇ ಬೇಕು.

ಒಳ್ಳೆ ನೆಲ ಇಲ್ಲದವರಿಗೆ ಸುಲಭದ ದಾರಿ ಇದೆ. ಕಾರು ತೊಳೆಯುವ ಎಷ್ಟೋ ಸೆಂಟರ್‌ಗಳಲ್ಲಿ ರ್‍ಯಾಂಪ್ ಇರುತ್ತದೆ. ಬೆಳಿಗ್ಗೆ ಗಿರಾಕಿ ಕಡಿಮೆ ಇರುವಾಗ ಕೇಳಿದರೆ ಸ್ವಲ್ಪ ದುಡ್ಡಿಗೆ ಬಿಟ್ಟುಕೊಡುತ್ತಾರೆ. ಜಾಕ್‌ನ ತಲೆನೋವೇ ಇಲ್ಲ.

ಹೊತ್ತು ಅಂದರೆ ಬೆಳಿಗ್ಗೆ. ಮಾರ್ಚ್‌ನಿಂದ ಜೂನ್‌ವರೆಗೆ ಏಳು ಗಂಟೆಯೊಳಗೇ ಶುರು ಮಾಡಿ. ಬಿಸಿಲಿಗಷ್ಟೇ ಅಲ್ಲ, ಮಧ್ಯಾಹ್ನ ಬೀಸುವ ಗಾಳಿಗೂ ಹೆದರಿ ಈ ಮಾತು. ಮೇಲಿನ ಮುಚ್ಚಳ ತೆರೆದಾಗ ಒಳಗೆ ಹೋದ ಧೂಳು ಇಂಜಿನ್‌ನಲ್ಲಿ ಉಜ್ಜುವ ಪುಡಿಯಾಗುತ್ತದೆ. ತೊಗರಿ ರಾಶಿ ನಡೆಯುವ ಕಾಲದಲ್ಲಿ ಹತ್ತಿರದ ಹೊಲದಲ್ಲಿ ಮಷಿನ್ ಓಡುತ್ತಿದ್ದರೆ ಆ ದಿನ ಬಿಟ್ಟುಬಿಡಿ.

ಹಂತ 4: ಕಾರನ್ನು ಎತ್ತಿ, ಸ್ಟ್ಯಾಂಡ್ ಕೊಡಿ

ಮೊದಲು ಇಂಜಿನ್ ಮೂರು ನಾಲ್ಕು ನಿಮಿಷ ಓಡಿಸಿ ಆಫ್ ಮಾಡಿ. ಬೆಚ್ಚಗಿನ ಆಯಿಲ್ ಚೆನ್ನಾಗಿ ಇಳಿಯುತ್ತದೆ, ತಳದ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಊರಿಂದ ಬಂದ ಕೂಡಲೇ ಬಿಚ್ಚಬೇಡಿ. ಆಗ ಆಯಿಲ್ ಕೈ ಸುಡುವಷ್ಟು ಕಾದಿರುತ್ತದೆ. ಬೇಸಿಗೆಯಲ್ಲಾದರೆ ಅರ್ಧ ಗಂಟೆಗಿಂತ ಜಾಸ್ತಿಯೇ ಕಾಯಬೇಕು.

ಹ್ಯಾಂಡ್ ಬ್ರೇಕ್ ಎಳೆಯಿರಿ. ಕಾರು ಮೊದಲನೇ ಗೇರಿನಲ್ಲಿರಲಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ. ಹಿಂದಿನ ಚಕ್ರಗಳಿಗೆ ಕಟ್ಟಿಗೆ ಕೊಡಿ. ಬಾಗಿಲ ಕೆಳಗಿನ ಅಂಚಿನಲ್ಲಿ ಜಾಕ್‌ಗೆಂದೇ ಗುರುತು ಮಾಡಿದ ಜಾಗ ಇರುತ್ತದೆ. ಅಲ್ಲಿಯೇ ಎತ್ತಿ. ಸಂಪ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ), ಗೇರ್‌ಬಾಕ್ಸ್, ಪ್ಲಾಸ್ಟಿಕ್ ಅಂಚು ಇವುಗಳ ಕೆಳಗೆ ಜಾಕ್ ಇಡಬೇಡಿ.

ಕಾರಿನ ಜೊತೆ ಬಂದ ಜಾಕ್ ಇರುವುದು ಸ್ಟೆಪ್ನಿ ಹಾಕಲು. ಅದರ ಆಸರೆಯಲ್ಲಿ ನಿಂತ ಕಾರಿನ ಕೆಳಗೆ ತಲೆ, ಎದೆ, ಕೈ ಯಾವುದನ್ನೂ ಹಾಕಬಾರದು, ಒಂದು ನಿಮಿಷಕ್ಕೂ. ಇಟ್ಟಿಗೆ, ಫರ್ಸಿ ತುಂಡು ಜೋಡಿಸಿ ಅದನ್ನೇ ಸ್ಟ್ಯಾಂಡ್ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇಟ್ಟಿಗೆ ಒಡೆಯುವ ಮುಂಚೆ ಸದ್ದು ಕೊಡುವುದಿಲ್ಲ. ಎರಡೂ ಕಡೆ ಸ್ಟ್ಯಾಂಡ್ ಕೂರಿಸಿ, ಕಾರನ್ನು ಪಕ್ಕದಿಂದ ಜೋರಾಗಿ ತಳ್ಳಿ ನೋಡಿ. ಅಲುಗಾಡಿದರೆ ಇಳಿಸಿ, ಮತ್ತೆ ಸರಿಯಾಗಿ ಕೂರಿಸಿ. ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಟ್ಟು ಕೆಳಗೆ ಹೋಗಿ. ಮಕ್ಕಳು ಹತ್ತಿರ ಇರಬಾರದು.

ಹಂತ 5: ಮೇಲಿನ ಮುಚ್ಚಳ ಮೊದಲು, ಸರಿಯಾದ ಬೋಲ್ಟ್ ಆಮೇಲೆ

ಕೆಳಗೆ ಹೋಗುವ ಮುಂಚೆ ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಹಾಗೇ ಸಡಿಲವಾಗಿ ಇಡಿ. ಗಾಳಿ ಒಳಹೋದರೆ ಆಯಿಲ್ ಸರಾಗವಾಗಿ ಇಳಿಯುತ್ತದೆ. ಕೆಳಗಿನ ಬೋಲ್ಟ್ ತೆಗೆದು ಆಯಿಲೆಲ್ಲ ಖಾಲಿ ಮಾಡಿ, ಆಮೇಲೆ ಮೇಲಿನ ಮುಚ್ಚಳವೇ ಬಿಚ್ಚದೆ ಕೂರುವ ಪ್ರಸಂಗವೂ ತಪ್ಪುತ್ತದೆ. ಫಿಲ್ಟರನ್ನೂ ಹಾಗೆಯೇ ಸ್ವಲ್ಪ ಅಲುಗಿಸಿ ನೋಡಿ. ಅದು ಬಿಚ್ಚುವ ಲಕ್ಷಣ ಕಾಣದಿದ್ದರೆ ಆಯಿಲ್ ಒಳಗಿರುವಾಗಲೇ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು.

ಈಗ ಬೋಲ್ಟ್. ಬಹಳ ದುಬಾರಿ ತಪ್ಪು ಆಗುವುದು ಇಲ್ಲಿಯೇ. ಕಾರಿನ ಕೆಳಗೆ ಅಕ್ಕಪಕ್ಕ ಎರಡು ಬೋಲ್ಟ್ ಕಾಣುತ್ತವೆ. ಒಂದು ಇಂಜಿನ್ ಸಂಪಿನದು, ಇನ್ನೊಂದು ಗೇರ್‌ಬಾಕ್ಸಿನದು. ಗೇರ್ ಆಯಿಲ್ ಇಳಿಸಿ, ಇಂಜಿನ್‌ಗೆ ಹಳೆಯದರ ಮೇಲೆ ಹೊಸದು ಸುರಿದರೆ ಒಂದೇ ಏಟಿಗೆ ಗೇರ್‌ಬಾಕ್ಸ್ ಒಣಗಿ, ಇಂಜಿನ್‌ನಲ್ಲಿ ಆಯಿಲ್ ದುಪ್ಪಟ್ಟಾಗುತ್ತದೆ.

ಗುರುತು ಹೀಗೆ. ಇಂಜಿನ್ ಸಂಪ್ ಎಂದರೆ ಬೆಲ್ಟುಗಳಿರುವ ಕಡೆ ಇಂಜಿನ್‌ನ ತಳಕ್ಕೆ ಸುತ್ತಲೂ ಸಣ್ಣ ಬೋಲ್ಟಿನಿಂದ ಕೂರಿಸಿದ ತಟ್ಟೆಯಂಥ ಭಾಗ. ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಯಾವ ಡಬ್ಬದಿಂದ ಹೊರಡುತ್ತದೋ ಅದು ಗೇರ್‌ಬಾಕ್ಸ್. ಇನ್ನೂ ಅನುಮಾನ ಇದ್ದರೆ ಮ್ಯಾನುಯಲ್ ಚಿತ್ರ ನೋಡಿ. ಬಂದ ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಕಂಡ ಬಣ್ಣಕ್ಕಿಂತ ತೀರಾ ಬೇರೆ ಇದ್ದರೆ, ವಾಸನೆಯೂ ಘಾಟಾಗಿದ್ದರೆ, ಆ ಕ್ಷಣವೇ ಬೋಲ್ಟ್ ಹಾಕಿ ನಿಲ್ಲಿಸಿ. ಕಾರು ಸ್ಟಾರ್ಟ್ ಮಾಡಬೇಡಿ.

ಹಂತ 6: ಹಳೆ ಆಯಿಲ್ ಇಳಿಸಿ

ಟ್ರೇಯನ್ನು ಬೋಲ್ಟಿನ ನೇರ ಕೆಳಗಲ್ಲ, ಸ್ವಲ್ಪ ಮುಂದಕ್ಕೆ ಇಡಿ. ಮೊದಲು ಆಯಿಲ್ ಚಿಮ್ಮಿ ದೂರ ಬೀಳುತ್ತದೆ. ಪಾನಾದಿಂದ ಸಡಿಲಿಸಿ, ಆಮೇಲೆ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದೇ ಬೆರಳಲ್ಲಿ ತಿರುಗಿಸಿ. ಕೊನೆ ಸುತ್ತು ಬಿಟ್ಟಿತು ಅನಿಸಿದಾಗ ಸರಕ್ಕನೆ ಪಕ್ಕಕ್ಕೆ ತೆಗೆಯಿರಿ. ಬೋಲ್ಟ್ ಟ್ರೇಯೊಳಗೆ ಬಿದ್ದರೂ ಗಾಬರಿ ಬೇಡ, ಆಮೇಲೆ ಹುಡುಕಿದರಾಯಿತು.

ಕಪ್ಪು ಆಯಿಲ್ ಮೊದಲು ಹಗ್ಗದಷ್ಟು ದಪ್ಪಗೆ ಬೀಳುತ್ತದೆ, ಆಮೇಲೆ ದಾರದಷ್ಟಾಗಿ ಕೊನೆಗೆ ಹನಿಗೆ ಇಳಿಯುತ್ತದೆ. ಹನಿಹನಿಯಾಗುವವರೆಗೂ ಬಿಡಿ, ಹದಿನೈದು ನಿಮಿಷ ಬೇಕಾಗಬಹುದು. ಆ ಹೊತ್ತಿನಲ್ಲಿ ಟ್ರೇಗೆ ಟಾರ್ಚ್ ಹಿಡಿದು ಒಮ್ಮೆ ನೋಡಿ. ಬಣ್ಣ ಕಪ್ಪಾಗಿದ್ದರೆ ಭಯವಿಲ್ಲ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲೂ ಬೇಗನೆ ಕಪ್ಪಾಗುತ್ತದೆ. ಹಾಲು ಹಾಕಿದ ಚಹಾದ ಬಣ್ಣ ಕಂಡರೆ ಕೂಲಂಟ್ ಬೆರೆತಿದೆ ಎಂದರ್ಥ. ಮಿನುಗುವ ಲೋಹದ ಚೂರು ಬೆರಳಿಗೆ ಸಿಕ್ಕರೆ ಒಳಗೆ ಏನೋ ಸವೆಯುತ್ತಿದೆ. ಎರಡರಲ್ಲಿ ಯಾವುದಿದ್ದರೂ ಮಿಸ್ತ್ರಿಗೆ ತೋರಿಸಿ.

ಹಂತ 7: ಡ್ರೈನ್ ಬೋಲ್ಟ್ ವಾಪಸ್ ಕೂರಿಸಿ

ಹಳೆ ವಾಷರ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಒತ್ತಡಕ್ಕೆ ಅದರಲ್ಲಿ ದುಂಡನೆ ಗೆರೆ ಬಿದ್ದಿರುತ್ತದೆ. ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ನಜ್ಜಿ ಜಾಗ ತುಂಬಿ ಸೋರಿಕೆ ತಡೆಯುತ್ತದೆ. ಎರಡನೇ ಸಲ ಅದೇ ಗೆರೆ ಅಷ್ಟೇ ನೇರವಾಗಿ ಕೂರುವುದಿಲ್ಲ. ಹನಿ ಬೀಳುತ್ತದೆ. ಹನಿ ನಿಲ್ಲಿಸಲು ಇನ್ನಷ್ಟು ಬಿಗಿ ಮಾಡುತ್ತಾರೆ. ಥ್ರೆಡ್ ಹೋಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ಸಂಪ್ ಕೆಡಿಸಿಕೊಳ್ಳುವುದು ಹೀಗೆಯೇ.

ಬೋಲ್ಟನ್ನು ಮೊದಲು ಬರೀ ಬೆರಳಲ್ಲಿ ಹಾಕಿ. ಕನಿಷ್ಠ ನಾಲ್ಕೈದು ಸುತ್ತು ಯಾವ ತಡೆಯೂ ಇಲ್ಲದೆ ಹೋಗಬೇಕು. ಮೊದಲ ಸುತ್ತಿನಲ್ಲೇ ಗಟ್ಟಿ ಅನಿಸಿದರೆ ಅದು ಓರೆ ಕೂತಿದೆ. ಹಿಂದಕ್ಕೆ ತಿರುಗಿಸಿ, ಟಕ್ ಎಂದು ಸಣ್ಣಗೆ ಇಳಿದ ಹಾಗಾಗುವ ಜಾಗದಿಂದ ಮತ್ತೆ ಶುರು ಮಾಡಿ.

ಬಿಗಿ ಎಷ್ಟು? ಹೆಚ್ಚಿನ ಸಣ್ಣ ಕಾರುಗಳಿಗೆ 30ರಿಂದ 40 ನ್ಯೂಟನ್ ಮೀಟರ್. ಬಿಗಿ ಅಳೆದು ತೋರಿಸುವ ಟಾರ್ಕ್ ಪಾನಾ ಇದ್ದರೆ ಸಂತೋಷ. ಇಲ್ಲದಿದ್ದರೆ ಈ ಲೆಕ್ಕ ಇಟ್ಟುಕೊಳ್ಳಿ: 20 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 18 ಕಿಲೋ ಭಾರದಷ್ಟು ಒತ್ತಿದರೆ 35 ನ್ಯೂಟನ್ ಮೀಟರ್ ಆಯಿತು. ಒಂದು ಕೈಯ ಒತ್ತು ಸಾಕು ಅಲ್ವಾ? ಅದೇ ಪಾನಾಗೆ ಪೈಪ್ ತೂರಿಸಿ 60 ಸೆಂಟಿಮೀಟರ್ ಮಾಡಿದರೆ ಅಷ್ಟೇ ಒತ್ತಿಗೆ ಮೂರು ಪಟ್ಟು ಬಿಗಿ ಬೀಳುತ್ತದೆ. ಪೈಪ್ ಹಾಕುವುದು, ಕಾಲಲ್ಲಿ ಒದೆಯುವುದು ಎರಡೂ ಬೇಡ. ಎಷ್ಟೋ ಕಾರಿನ ಸಂಪ್ ಅಲ್ಯೂಮಿನಿಯಂನದು, ಬೋಲ್ಟ್ ಉಕ್ಕಿನದು. ಸೋಲುವುದು ಸಂಪೇ.

ಹಂತ 8: ಫಿಲ್ಟರ್ ಬದಲಿಸಿ

ಟ್ರೇಯನ್ನು ಫಿಲ್ಟರ್ ಕೆಳಗೆ ಸರಿಸಿ. ಫಿಲ್ಟರ್ ಪಾನಾ ಹಾಕಿ ಎಡಕ್ಕೆ ತಿರುಗಿಸಿ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಚಾಳಿ ಬಿಡಿ. ತಗಡು ಹರಿದು, ಹಿಡಿಯಲು ಏನೂ ಉಳಿಯದ ಹಾಗೆ ಬುಡ ಮಾತ್ರ ಅಂಟಿಕೊಂಡಿರುತ್ತದೆ.

ಫಿಲ್ಟರ್ ಕೈಗೆ ಬಂದ ತಕ್ಷಣ ಅದರ ಬಾಯಿ ನೋಡಿ. ಸುತ್ತ ಕಪ್ಪು ರಬ್ಬರ್ ರಿಂಗ್ ಇದೆಯಾ? ಇಲ್ಲದಿದ್ದರೆ ಅದು ಮೇಲೆ ಇಂಜಿನ್‌ಗೇ ಅಂಟಿಕೊಂಡಿದೆ. ನಮ್ಮ ಬಿಸಿಲಿಗೆ, ಇಂಜಿನ್ ಕಾವಿಗೆ ರಬ್ಬರ್ ಗಟ್ಟಿಯಾಗಿ ಲೋಹದ ಬಣ್ಣಕ್ಕೇ ತಿರುಗಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೆ ಕಣ್ಣನ್ನು ನಂಬದೆ ಬೆರಳು ಆಡಿಸಿ. ಇಂಜಿನ್‌ನ ಮುಖವನ್ನು ಬಟ್ಟೆಯಲ್ಲಿ ಒರೆಸಿ, ತೋರುಬೆರಳನ್ನು ಪೂರ್ತಿ ಒಂದು ಸುತ್ತು ತನ್ನಿ. ಬರೀ ನುಣುಪು ಲೋಹ ತಾಗಬೇಕು. ಎಲ್ಲಾದರೂ ಉಬ್ಬು ತಾಗಿದರೆ ಉಗುರಿನಿಂದ ಎಬ್ಬಿಸಿ ಎಳೆಯಿರಿ. ಹಳೆ ರಬ್ಬರಿನ ಮೇಲೆ ಹೊಸದು ಕೂತರೆ ನಿಂತ ಕಾರಿನಲ್ಲಿ ಏನೂ ತಿಳಿಯುವುದಿಲ್ಲ. ಜೇವರ್ಗಿ ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಒತ್ತಡ ಏರಿದಾಗ ರಿಂಗ್ ಹೊರಕ್ಕೆ ಜಾರಿ, ಕೆಲವೇ ನಿಮಿಷದಲ್ಲಿ ಆಯಿಲೆಲ್ಲ ರಸ್ತೆ ಪಾಲಾಗುತ್ತದೆ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಈ ಬೆರಳಾಡಿಸುವ ಮಾತನ್ನೇ ಇಟ್ಟುಕೊಳ್ಳಿ.

ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲ್ ತೆಳ್ಳಗೆ ಸವರಿ. ಕೈಯಲ್ಲಿ ತಿರುಗಿಸಿ, ರಬ್ಬರ್ ಲೋಹಕ್ಕೆ ತಾಗಿದ ಮೇಲೆ ಮುಕ್ಕಾಲು ಸುತ್ತು. ಫಿಲ್ಟರ್ ಮೇಲೆ ಬೇರೆ ಲೆಕ್ಕ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ. ಪಾನಾ ಬಿಚ್ಚಲಿಕ್ಕೆ ಮಾತ್ರ, ಬಿಗಿ ಮಾಡಲಿಕ್ಕಲ್ಲ. ಕೆಲವು ಕಾರುಗಳಲ್ಲಿ, ಅದರಲ್ಲೂ ಡೀಸೆಲ್‌ಗಳಲ್ಲಿ, ಪ್ಲಾಸ್ಟಿಕ್ ಕಪ್ಪಿನೊಳಗೆ ಕಾಗದದ ಫಿಲ್ಟರ್ ಇರುತ್ತದೆ. ಅದರ ಓ-ರಿಂಗ್ ಹೊಸ ಫಿಲ್ಟರ್ ಪೆಟ್ಟಿಗೆಯಲ್ಲೇ ಬರುತ್ತದೆ. ಹಳೆಯದು ಕೂತಿದ್ದ ತೋಡಿನಲ್ಲೇ ಹೊಸದನ್ನು ಕೂರಿಸಿ.

ಹಂತ 9: ಹೊಸ ಆಯಿಲ್ ಹಾಕಿ

ಬೋಲ್ಟ್ ಹಾಕಿದ್ದೀರಿ ಅಲ್ವಾ? ಇನ್ನೊಮ್ಮೆ ಬಗ್ಗಿ ನೋಡಿ. ಕಾರನ್ನು ಕೆಳಗಿಳಿಸಿ ಸಮ ನೆಲದಲ್ಲಿ ನಿಲ್ಲಿಸಿ. ಮುಂಭಾಗ ಎತ್ತಿದ ಕಾರಿನ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ.

ಡಬ್ಬಿಯಲ್ಲಿ 3.5 ಲೀಟರ್ ಇದೆ ಎಂದು ಅಷ್ಟನ್ನೂ ಸುರಿಯಬೇಡಿ. ಪುಸ್ತಕದಲ್ಲಿ 3.1 ಎಂದಿದ್ದರೆ ಮೊದಲು 2.7ರಷ್ಟು ಹಾಕಿ. ಐದು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಸುಮಾರು ಒಂದು ಲೀಟರ್. ಆ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಸೇರಿಸಿ, ಮೇಲಿನ ಗೆರೆಗಿಂತ ಒಂಚೂರು ಕೆಳಗೆ ನಿಲ್ಲಿಸಿ.

ಜಾಸ್ತಿ ಆಯಿತೋ, ಇಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ನೊರೆಗೆ ಒತ್ತಡ ಹಿಡಿಯುವ ಶಕ್ತಿ ಇಲ್ಲ. "ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ" ಎನ್ನುವ ಮಾತು ಇಂಜಿನ್ ಆಯಿಲಿಗೆ ಸಲ್ಲುವುದಿಲ್ಲ. ಗೆರೆ ದಾಟಿದ್ದರೆ ದೊಡ್ಡ ಸಿರಿಂಜಿಗೆ ತೆಳು ಪೈಪ್ ಹಾಕಿ ಡಿಪ್‌ಸ್ಟಿಕ್ ಕೊಳವೆಯಿಂದ ಎಳೆದು ತೆಗೆಯಿರಿ.

ಹಂತ 10: ಸ್ಟಾರ್ಟ್ ಮಾಡಿ, ಪರೀಕ್ಷಿಸಿ

ಮೇಲಿನ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ. ರೇಸ್ ಕೊಡಬೇಡಿ. ಕೆಂಪು ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಐದು ಸೆಕೆಂಡ್ ದಾಟಿದರೂ ಉರಿಯುತ್ತಿದ್ದರೆ ಆಫ್ ಮಾಡಿ ಲೆವೆಲ್ ಮತ್ತು ಫಿಲ್ಟರ್ ನೋಡಿ. ಮೊದಲು ಟಿಕ್ ಟಿಕ್ ಸದ್ದು ಬಂದು ನಿಂತರೆ ಅದು ಖಾಲಿ ಫಿಲ್ಟರ್ ತುಂಬಿದ ಸದ್ದು. ನಿಲ್ಲದಿದ್ದರೆ ಓಡಿಸಬೇಡಿ.

ಎರಡು ನಿಮಿಷ ಓಡಿದ ಮೇಲೆ ಟಾರ್ಚ್ ಹಿಡಿದು ಬೋಲ್ಟ್, ಫಿಲ್ಟರ್ ಎರಡರ ಸುತ್ತಲೂ ನೋಡಿ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಲೆವೆಲ್ ನೋಡಿ. ಫಿಲ್ಟರ್ ಆಯಿಲ್ ಕುಡಿದಿರುತ್ತದೆ, ಅಷ್ಟು ಸೇರಿಸಿ. ಕೆಲಸ ಮಾಡುವಾಗ ಚೆಲ್ಲಿದ ಆಯಿಲೂ ಸ್ವಲ್ಪ ಹೊತ್ತು ತೊಟ್ಟಿಕ್ಕುತ್ತದೆ. ಹಾಗಾಗಿ ಎಲ್ಲ ಒರೆಸಿ, ರಾತ್ರಿ ಕೆಳಗೆ ಹಳೆ ಪೇಪರ್ ಹಾಸಿ. ಬೆಳಿಗ್ಗೆ ಪೇಪರ್ ಮೇಲೆ ಹೊಸ ಕಲೆ ಇದ್ದರೆ ಅದು ಸೋರಿಕೆಯೇ. 50 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಲೆವೆಲ್ ನೋಡಿ. ದೂರದ ಪ್ರಯಾಣ ಅದಾದ ಮೇಲೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಂಡರೆ ಆಯಿಲ್ ಜಾಸ್ತಿಯಾಗಿದೆಯಾ ಎಂದು ಮೊದಲು ನೋಡಿ.

ಹಂತ 11: ಹಳೆ ಆಯಿಲ್ ಎಲ್ಲಿಗೆ?

ಚರಂಡಿಗೆ, ಹೊಲಕ್ಕೆ, ಮನೆ ಹಿಂದಿನ ಗುಂಡಿಗೆ ಸುರಿಯಬೇಡಿ. ನಮ್ಮಲ್ಲಿ ಎಷ್ಟೋ ಮನೆ ಬೋರ್‌ವೆಲ್ ನೀರನ್ನೇ ನಂಬಿವೆ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತದೆ. ಗೆದ್ದಲಿಗೆ ಬಾಗಿಲಿಗೆ ಬಳಿಯಲು, ಸೆಂಟ್ರಿಂಗ್ ಹಲಗೆಗೆ ಸವರಲು, ಒಲೆ ಹಚ್ಚಲು ಕೇಳಿಕೊಂಡು ಬರುತ್ತಾರೆ. ಅದರಲ್ಲಿ ಲೋಹದ ಅಂಶವೂ, ಚರ್ಮಕ್ಕೆ ಕೆಟ್ಟದ್ದು ಮಾಡುವ ಸುಟ್ಟ ಪದಾರ್ಥವೂ ಇರುತ್ತವೆ. ಕೊಡಬೇಡಿ.

ಲಾಳಿಕೆ ಇಟ್ಟು ಖಾಲಿ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಡ್ರಮ್ಮಿನಲ್ಲಿ ಹಳೆ ಆಯಿಲ್ ಕೂಡಿಸಿಟ್ಟು ಮರುಸಂಸ್ಕರಣೆಯವರಿಗೆ ಕೊಡುವ ಸರ್ವಿಸ್ ಸೆಂಟರ್ ಅಥವಾ ಗ್ಯಾರೇಜಿಗೆ ಮುಟ್ಟಿಸಿ. ಕೂಲಂಟ್, ಬ್ರೇಕ್ ಆಯಿಲ್, ನೀರು ಬೆರೆಸಬೇಡಿ, ಬೆರೆತದ್ದನ್ನು ಅವರು ತೆಗೆದುಕೊಳ್ಳುವುದಿಲ್ಲ. ಫಿಲ್ಟರನ್ನು ಒಂದು ರಾತ್ರಿ ಟ್ರೇ ಮೇಲೆ ಬೋರಲು ಹಾಕಿ ಆಯಿಲ್ ಇಳಿದ ಮೇಲೆ ಅದನ್ನೂ ಜೊತೆಗೆ ಕೊಡಿ. ಆಯಿಲ್ ಖಾಲಿ ಮಾಡಿಸಿ ಡಬ್ಬಿ ವಾಪಸ್ ತಂದರೆ ಅದಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದು, ಲೇಬಲ್ ಹರಿದು ಗುಜರಿಗೆ ಹಾಕಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗುವುದು ಇಂಥ ಚೊಕ್ಕ ಡಬ್ಬಿಗಳೇ.